ಬೂದು ರಟ್ಟಿನ ಕೈಪಿಡಿ

ನಮ್ಮೂರಿಂದ ಯಾರು ಪರದೇಶ ಸುತ್ತಲು ಹೊರಟರೂ ಒಮ್ಮೆ ನನ್ನ ಗಿರಣಿಗೆ ಬರುತ್ತಾರೆ. ಜೋಳ ಬೀಸಿಸಲಿಕ್ಕೆ ಅಲ್ಲ, "ನೀಲಕ್ಕಾ, ಯಾವ ಪುಸ್ತಕ ತಗೊಂಡು ಹೋಗ್ಲಿ?" ಅಂತ ಕೇಳಲಿಕ್ಕೆ. ಮೊನ್ನೆ ಕಂಬಾರರ ಮನೆ ಮಗಳು ಬಂದಿದ್ದಳು. ಎಂಟು ತಿಂಗಳು, ಒಂದೇ ಬೆನ್ನುಚೀಲ, ಒಬ್ಬಳೇ. ಮೂರು ಪುಸ್ತಕ ನನ್ನ ಮುಂದೆ ಹರವಿಕೊಂಡು ಕೂತಳು. ಇದರಲ್ಲಿ ನಕ್ಷೆ ಚೆನ್ನಾಗಿದೆ, ಆದರೆ ಭಾರ. ಇದು ಹಗುರ, ಆದರೆ ಊಟದ ವಿಷಯ ಏನೂ ಇಲ್ಲ. ಇದರಲ್ಲಿ ಎಲ್ಲ ಇದೆ, ಆದರೆ ಬರೆದವನಿಗೆ ಎಲ್ಲಿ ಹೋದರೂ ಏನೋ ಒಂದು ಸರಿ ಇಲ್ಲ. ಹೀಗೆ ಅವಳ ಪುರಾಣ. ನಾನು ಕೈ ಒರೆಸಿಕೊಂಡು ಮೂರರದೂ ಕೊನೆಯ ಪುಟ ತೆಗೆದು ನೋಡಿದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಇದೇನು ಕಾದಂಬರೀನಾ, ಕೊನೇಲಿ ಯಾರು ಸತ್ರು ಅಂತ ಮೊದ್ಲೇ ನೋಡೋಕೆ?" ನಗಲಿ ಬಿಡಿ. ನಾನೂ ಒಂದು ಕಾಲದಲ್ಲಿ ನಕ್ಕವಳೇ. ನಮ್ಮಪ್ಪ ಹೀಗೆ ಕೊನೆಯ ಪುಟ ತೆಗೆದಾಗ ನಾನು ನಕ್ಕಿದ್ದನ್ನು ಈಗಲೂ ಮರೆತಿಲ್ಲ.

ಈ ಊರಲ್ಲಿ ಹುಟ್ಟಿದವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಹೊರಗಿನವರಿಗೆ ಮಾತ್ರ ಹೇಳುತ್ತೇನೆ. ನಮ್ಮೂರಲ್ಲಿ ಅಮಾವಾಸ್ಯೆಯ ಮಧ್ಯಾಹ್ನ ಬೀದಿಗಳು ಜಾಗ ಬದಲಾಯಿಸುತ್ತವೆ. ಊಟ ಮಾಡಿ ಒಂದು ಗಳಿಗೆ ಅಡ್ಡಾಗಿ ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬೆಳಿಗ್ಗೆ ಬಾವಿ ಪಕ್ಕ ಇದ್ದ ಮನೆ ಸಂಜೆಗೆ ಹಾಲಿನ ಡೈರಿ ಹಿಂದೆ. ಒಲೆ ಮೇಲಿನ ಸಾರು ಒಂದು ಹನಿ ತುಳುಕಿರುವುದಿಲ್ಲ, ಅದೊಂದು ಪುಣ್ಯ. ಬಸ್ ನಿಲ್ದಾಣ ಒಂದೇ ಕದಲುವುದಿಲ್ಲ, ಅದು ಊರ ಹೊರಗೆ ಸರ್ಕಾರಿ ಜಾಗದಲ್ಲಿದೆ. ಪೋಸ್ಟಿನವನು ಎರಡು ದಿನ ರಜೆ ಹಾಕಿಬಿಡುತ್ತಾನೆ. ನೆರೆಮನೆಯವರ ಜೊತೆ ಜಗಳವಾದರೆ ಯಾರೂ ಪಂಚಾಯ್ತಿಗೆ ಹೋಗುವುದಿಲ್ಲ, ಅಮಾವಾಸ್ಯೆ ಬರಲಿ ಅಂತ ಸುಮ್ಮನಿರುತ್ತಾರೆ. ಮದುವೆ ಕಾಗದದಲ್ಲಿ ವಿಳಾಸ ಹಾಕುವ ಪದ್ಧತಿಯೇ ಇಲ್ಲ. ಎರಡು ಮೂರು ದಿನ ಕಳೆದರೆ ಒಬ್ಬರನ್ನೊಬ್ಬರು ಕೇಳಿಕೊಂಡು ಎಲ್ಲ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ.

ಕಷ್ಟ ಇರುವುದು ಅಮಾವಾಸ್ಯೆಯ ಸಂಜೆ ಮಾತ್ರ. ಕೆಲಸಕ್ಕೆ, ಸಂತೆಗೆ, ಶಾಲೆಗೆ ಹೋದವರು ಮನೆ ಸೇರಬೇಕಲ್ಲ. ಅದಕ್ಕೇ ದೀಪ ಹಚ್ಚುವ ಹೊತ್ತಿಗೆ ಪ್ರತಿ ಮನೆಯಿಂದ ಒಬ್ಬರು ಕಟ್ಟೆ ಮೇಲೆ ನಿಂತು ಕೂಗುತ್ತಾರೆ. ಒಂದೊಂದು ಮನೆಗೆ ಒಂದೊಂದು ಕೂಗು. ಹೆಡ್‌ಮಾಸ್ತರ ಮನೆಯದು ಏಳರ ಮಗ್ಗಿ. ಪತ್ತಾರರ ಮನೆಯವರು ನಾಚಿಕೆ ಸ್ವಭಾವದವರು, ಮೆತ್ತಗೆ "ಇಲ್ಲಿ, ಇಲ್ಲಿ" ಅನ್ನುತ್ತಾರೆ. ನಮ್ಮದು ಹಿಟ್ಟಿನ ಗಿರಣಿ. ನಮ್ಮಪ್ಪ ಮುರಿಗೆಪ್ಪ ಇಡೀ ದಿನ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಊರಲ್ಲೇ ದೊಡ್ಡ ಗಂಟಲಿನವನಾಗಿದ್ದ. "ಹಿಟ್ಟು ಬಿಸಿ ಐತೆ, ಬರ್ರೋ...!" ಅಂತ ಅವನು ಕೂಗಿದರೆ ಬಸ್ ನಿಲ್ದಾಣದವರೆಗೆ ಕೇಳುತ್ತಿತ್ತು. ನಾನು ಶಾಲೆಯಿಂದ ಆ ಕೂಗು ಹಿಡಿದು ಓಡಿ ಬಂದರೆ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಡಬ್ಬದೊಳಗೆ ನನ್ನ ಎರಡೂ ಕೈ ಇಡಿಸುತ್ತಿದ್ದ. ಆ ಬಿಸಿ ಮೊಣಕೈವರೆಗೆ ಏರುತ್ತಿತ್ತು. ಅವ್ವ ನಾನು ಆರು ವರ್ಷದವಳಿದ್ದಾಗಲೇ ತೀರಿಕೊಂಡಿದ್ದಳು. ಮನೆ ಅಂದರೆ ನನಗೆ ಆ ಕೂಗು, ಆ ಡಬ್ಬ, ಅಪ್ಪನ ಹುಬ್ಬಿನ ಮೇಲಿನ ಹಿಟ್ಟು, ಇಷ್ಟೇ.

ಇದಕ್ಕೆ ಎರಡು ಕಟ್ಟಳೆ ಇದ್ದವು. ಒಂದು, ಕೂಗುವುದು ಮನೆಯವರ ಕೆಲಸ. ಬೀದಿಯಲ್ಲಿರುವವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಅವರೂ ಬಾಯಿ ಬಿಟ್ಟರೆ ಯಾರ ಕೂಗು ಯಾರದು ಅಂತ ತಿಳಿಯುವುದು ಹೇಗೆ? ಆ ಸಂಜೆ ಬೀದಿಯಲ್ಲಿ ಗದ್ದಲ ಮಾಡಿದ ಮಕ್ಕಳಿಗೆ ಯಾರು ಬೇಕಾದರೂ ಬೆನ್ನಿಗೆ ಒಂದು ಗುದ್ದಬಹುದಿತ್ತು. ಇನ್ನೊಂದು, ಊರು ಬಿಟ್ಟು ದೂರ ಹೋದವರ ಹೆಸರನ್ನೂ ಸೇರಿಸಿ ಕೂಗಬೇಕು. ಒಂದು ಅಮಾವಾಸ್ಯೆ ತಪ್ಪಿತೋ, ಹೋದವರು ತಿರುಗಿ ಬಂದರೂ ಅವರ ಕಣ್ಣಿಗೆ ಮನೆ ಬೀಳುವುದಿಲ್ಲ.

ಆಗ ನಾನು ಇದೇ ಊರಿನ ಶಾಲೆಯಲ್ಲಿ ಭೂಗೋಳದ ಟೀಚರ್ ಆಗಿದ್ದೆ. ತಮಾಷೆ ನೋಡಿ, ಗೋಡೆ ಮೇಲೆ ಇಡೀ ಪ್ರಪಂಚದ ನಕ್ಷೆ, ನಮ್ಮೂರಿನದು ಮಾತ್ರ ಇಲ್ಲ. ಬರೆದವರು ಇದ್ದರಂತೆ, ತಿಂಗಳಿಗೊಂದು ಬರೆದು ಬರೆದು ಸುಸ್ತಾಗಿ ಬಿಟ್ಟರಂತೆ. ನಾನು ಐದು ವರ್ಷ ಕೋಲು ಹಿಡಿದು ಮಕ್ಕಳಿಗೆ ಆ ಸಮುದ್ರ, ಈ ಪರ್ವತ ಅಂತ ತೋರಿಸಿದೆ. ಆರನೆಯ ವರ್ಷ ನನಗೇ ತಡೆಯಲಾಗಲಿಲ್ಲ. ಇಪ್ಪತ್ತೇಳು ವಯಸ್ಸು, ಒಂದು ವರ್ಷದ ರಜೆ ಬರೆದುಕೊಟ್ಟೆ, ಬೆನ್ನುಚೀಲ ಹೊಲಿಸಿಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ರೊಟ್ಟಿ ಮುರಿಯುತ್ತಿದ್ದವನು ಹಾಗೇ ಕೈ ನಿಲ್ಲಿಸಿದ.

"ಎಷ್ಟು ದಿನ?"

"ಒಂದು ವರ್ಷ. ಸ್ವಲ್ಪ ಹೆಚ್ಚು ಆಗಬೋದು."

"ಅಂದ್ರೆ ಹನ್ನೆರಡು, ಹದಿಮೂರು ಅಮಾಸೆ," ಅಂದ. ಕೆಮ್ಮಿದ. ನೀರು ಕುಡಿದ. "ಹೋಗಬೇಡ ಅಂದ್ರೆ ನಿಲ್ತೀಯಾ?"

"ಇಲ್ಲ ಅಪ್ಪ."

"ಹಂಗಾದ್ರೆ ಪುಸ್ತಕ ನಾನು ಆರಿಸ್ತೀನಿ."

ಅವನು ಓದಿದ್ದು ನಾಲ್ಕನೇ ಕ್ಲಾಸು. ಊರಿನ ಬಸ್ ನಿಲ್ದಾಣ ದಾಟಿದವನಲ್ಲ. ಪರದೇಶದ ಪುಸ್ತಕ ಅವನು ಆರಿಸುತ್ತಾನಂತೆ! ಆದರೆ ಅಷ್ಟಕ್ಕೆ ಒಪ್ಪಿದನಲ್ಲ ಅನ್ನುವ ಖುಷಿಯಲ್ಲಿ ಹೂಂ ಅಂದೆ.

ದಾದಾಪೀರ್ ಕಾಕಾನ ಪುಸ್ತಕದಂಗಡಿ ಆ ತಿಂಗಳು ಎಲ್ಲಿತ್ತೋ, ನಾಲ್ಕು ಜನರನ್ನು ಕೇಳಿಕೊಂಡು ಹೋದೆವು. ಕಾಕಾ ಅಪ್ಪನ ಗೆಳೆಯ. ಅಮಾವಾಸ್ಯೆ ಸಂಜೆ ಅವನು ಬಾಯಿಂದ ಕೂಗುತ್ತಿರಲಿಲ್ಲ, ಎರಡು ದಪ್ಪ ಪುಸ್ತಕ ತೆಗೆದುಕೊಂಡು ಪಟ್ ಪಟ್ ಅಂತ ಬಡಿಯುತ್ತಿದ್ದ. ಅವನ ಹೆಂಡತಿ ಮಕ್ಕಳಿಗೆ ಆ ಸದ್ದು ಸಾಕಾಗಿತ್ತು.

"ಏನು ಮುರಿಗೆಣ್ಣ, ಮಗಳನ್ನ ಕಳಿಸೋಕೆ ಮನಸ್ಸು ಮಾಡಿಬಿಟ್ಯಂತೆ?"

"ನಾನೆಲ್ಲಿ ಕಳಿಸ್ತಿದೀನಿ ಸಾಹೇಬ್ರೇ. ಅವಳೇ ಹೊಂಟವಳೆ."

ಕಾಕಾ ಮೂರು ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಮೊದಲನೆಯದು ಬರೀ ಬಣ್ಣದ ಫೋಟೋ, ಅಂಗೈ ಜಾರುವಷ್ಟು ನುಣುಪು. ಅಪ್ಪ ನಾಲ್ಕು ಪುಟ ಮಗುಚಿ, "ಇದನ್ನ ನೋಡಿದ ಮೇಲೆ ಹೋಗೋದ್ಯಾಕೆ? ಮನೇಲೇ ಕೂತ್ಕೊಬೋದು," ಅಂತ ಪಕ್ಕಕ್ಕೆ ಸರಿಸಿದ. ಎರಡನೆಯದು ಕೆಂಪು ರಟ್ಟಿನದು, ಇಟ್ಟಿಗೆ ಗಾತ್ರ. ಹನ್ನೊಂದು ದೇಶ, ನೂರಾರು ಊರು, ಪ್ರತಿ ಊರಿಗೂ ಬಿಡಿಸಿ ನೋಡುವ ನಕ್ಷೆ. ಬೀದಿಗಳ ಹೆಸರು, ಯಾವ ಮೂಲೆಯಲ್ಲಿ ರೊಟ್ಟಿ ಅಂಗಡಿ, ಯಾವ ತಿರುವಿನಲ್ಲಿ ಅಗ್ಗದ ಕೋಣೆ, ಎಲ್ಲ. ನಾನು ಒಂದು ನಕ್ಷೆ ಬಿಡಿಸಿದವಳು ಅಲ್ಲೇ ಕಳೆದುಹೋದೆ. ಈ ಬೀದಿ ನಾಳೆಯೂ ಇಲ್ಲೇ ಇರುತ್ತದೆ, ಬರುವ ವರ್ಷವೂ ಇಲ್ಲೇ ಇರುತ್ತದೆ ಅಂತ ಯಾರೋ ಧೈರ್ಯವಾಗಿ ಅಚ್ಚು ಹಾಕಿಸಿದ್ದಾರಲ್ಲ ಅಂತ ಮೈ ಜುಮ್ಮೆಂದಿತು.

"ಅಷ್ಟು ಬೇಗ ಮರುಳಾಗಬೇಡ," ಅಂದ ಕಾಕಾ. "ಇಂಥ ಪುಸ್ತಕ ಆರಿಸೋಕೆ ಒಂದು ಉಪಾಯ ಐತೆ. ನಿನಗೆ ಚೆನ್ನಾಗಿ ಗೊತ್ತಿರೋ ಊರಿನ ಬಗ್ಗೆ ಅದು ಏನು ಹೇಳುತ್ತೆ ನೋಡು. ಅದು ಸರಿ ಇದ್ರೆ ಮಿಕ್ಕಿದ್ದೂ ಸರಿ."

"ನನಗೆ ಗೊತ್ತಿರೋದು ಈ ಊರೊಂದೇ ಕಾಕಾ."

"ಅದೂ ಸರಿಯೇ. ನಮ್ಮೂರಿನ ಬಗ್ಗೆ ಯಾವನೋ ಒಬ್ಬ ಬರೆದಿದ್ದ, ನಾನು ಓದಿದೀನಿ. 'ಬಸ್ ನಿಲ್ದಾಣದ ಚಹಾ ಪರವಾಗಿಲ್ಲ. ಊರೊಳಗೆ ಯಾರನ್ನೂ ದಾರಿ ಕೇಳಬೇಡಿ' ಅಂತ. ಪಾಪ, ಅಮಾಸೆ ದಿನ ಬಂದಿದ್ದ ಅಂತ ಕಾಣುತ್ತೆ."

ನಾವಿಬ್ಬರೂ ನಗುತ್ತಿದ್ದರೆ ಅಪ್ಪ ಮಾತ್ರ ಕೆಂಪು ಪುಸ್ತಕ ಬೋರಲು ಹಾಕಿ ಹಿಂದಿನಿಂದ ತೆಗೆದ. ಕೊನೆಯ ಪುಟ. ಅದರ ಹಿಂದಿನ ಪುಟ. ಬೆರಳು ಎಂಜಲು ಮಾಡಿಕೊಂಡು ಒಂದೊಂದೇ ಸಾಲಿನ ಮೇಲೆ ಆಡಿಸಿದ. ಕೊನೆಗೆ ತಲೆ ಎತ್ತಿ, "ಇದರಲ್ಲಿ ವಾಪಸ್ ಬರೋದು ಎಲ್ಲಿ ಬರೆದವ್ರೆ ಸಾಹೇಬ್ರೇ?" ಅಂದ.

"ಅಂದ್ರೆ?"

"ಹೋಗೋದು ಐತೆ, ಉಣ್ಣೋದು ಐತೆ, ಮಲಗೋದು ಐತೆ. ಮನೆಗೆ ಬರೋ ಅಧ್ಯಾಯ ಎಲ್ಲೈತೆ?"

ನಾನು ನಕ್ಕುಬಿಟ್ಟೆ. ಜೋರಾಗಿಯೇ ನಕ್ಕೆ. "ಅಪ್ಪಾ, ಅದನ್ನ ಯಾರಾದ್ರೂ ಬರೀತಾರಾ? ಬೇರೆಯವರ ಊರಲ್ಲಿ ಮನೆ ಇದ್ದಲ್ಲೇ ಇರುತ್ತೆ!" ಅಂದೆ. ಅಪ್ಪನ ಮುಖ ಸಣ್ಣದಾಯಿತು. ಕಾಕಾ ನನ್ನ ಕಡೆ ಒಂದು ನೋಟ ನೋಡಿ, ಹಿಂದಿನ ಕಪಾಟಿನಿಂದ ಮೂರನೆಯದನ್ನು ತಂದ. ಬೂದು ರಟ್ಟಿನ ತೆಳ್ಳನೆಯ ಕೈಪಿಡಿ, ಅಂಗಿ ಜೇಬಿನಲ್ಲಿ ಹಿಡಿಯುವಂಥದ್ದು. ನಕ್ಷೆ ಒಂದೂ ಇಲ್ಲ. ಇರುವುದೆಲ್ಲ ಪ್ರಯಾಣಿಕನಿಗೆ ಬೇಕಾಗುವ ಮಾತುಗಳು. ಮೇಲೆ ಕನ್ನಡದಲ್ಲಿ, ಕೆಳಗೆ ಹನ್ನೆರಡು ಪರಭಾಷೆಗಳಲ್ಲಿ. "ಇಲ್ಲಿ ಕೋಣೆ ಖಾಲಿ ಇದೆಯೇ?" "ನನಗೆ ಖಾರ ಕಡಿಮೆ ಇರಲಿ." ಅಪ್ಪ ಇದನ್ನೂ ಹಿಂದಿನಿಂದಲೇ ತೆಗೆದ. ಕೊನೆಯ ಪುಟದ ತಲೆಬರಹ, 'ದಾರಿ ತಪ್ಪಿದಾಗ.' ಅದರ ಕೆಳಗೆ, "ನಾನು ದಾರಿ ತಪ್ಪಿದ್ದೇನೆ. ದಯವಿಟ್ಟು ನನ್ನನ್ನು ಮನೆಗೆ ತಲುಪಿಸಿ."

"ಇದು," ಅಂದ ಅಪ್ಪ. "ಇದನ್ನ ತಗೋ ನೀಲಿ."

"ನಕ್ಷೆ ಇಲ್ಲದ ಪುಸ್ತಕ ತಗೊಂಡು ಏನು ಮಾಡ್ಲಿ? ನಾನು ಹೋಗ್ತಿರೋದೇ ನಕ್ಷೆ ನೋಡ್ಕೊಂಡು ನಡೆಯೋಕೆ!"

ಒಂದೇ ತಗೋಬೇಕು, ಚೀಲದಲ್ಲಿ ಜಾಗ ಇಲ್ಲ ಅಂತ ನಾನೇ ಮನೆಯಿಂದ ಹೇಳಿಕೊಂಡು ಬಂದಿದ್ದೆ. ಮಾತಿಗೆ ಮಾತು ಬೆಳೆಯಿತು. ನಾನು ಕೆಂಪು ಪುಸ್ತಕ ಎದೆಗವಚಿಕೊಂಡು ಹೊರಗೆ ಬಂದೆ. ಅಪ್ಪ ಅಂಗಡಿಯಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಆಮೇಲೆ ಬಂದ. ಅರ್ಧ ದಾರಿ ನಡೆದೆವು. ಆಮೇಲೆ ಅವನೇ ತನ್ನ ಅಣ್ಣನ ಮಾತು ತೆಗೆದ. ಅದುವರೆಗೆ ನನಗೆ ಗೊತ್ತಿದ್ದದ್ದು ಗುರುಪಾದಪ್ಪ ಅಂತ ನನಗೊಬ್ಬ ದೊಡ್ಡಪ್ಪ ಇದ್ದ, ಪರದೇಶಕ್ಕೆ ಹೋದವನು ಬರಲಿಲ್ಲ ಅಂತ ಅಷ್ಟೇ.

"ಬಂದಿದ್ದ," ಅಂದ ಅಪ್ಪ. "ನಿಮ್ಮಜ್ಜಿ ಹನ್ನೊಂದು ವರ್ಷ ಒಂದೂ ತಪ್ಪದಂಗೆ ಅವನ ಹೆಸರು ಕೂಗಿದ್ಲು. ಅವಳು ಸತ್ತ ತಿಂಗಳು ಕೂಗಬೇಕಾಗಿದ್ದು ನಾನು. ನನಗೆ ಹದಿನೇಳು ವರ್ಷ. ಹೆತ್ತವಳ ಮಣ್ಣಿಗೂ ಬರಲಿಲ್ಲ ಅಂತ ಸಿಟ್ಟು. ನಮ್ಮ ಕೂಗು ಕೂಗಿದೆ, ಅವನ ಹೆಸರು ಮಾತ್ರ ಹೇಳಲಿಲ್ಲ. ಮಾರನೇ ತಿಂಗಳು ಬಂದ ನೋಡು. ಟ್ರಂಕು ಹೊತ್ಕೊಂಡು ಮೂರು ದಿನ ಊರೆಲ್ಲ ತಿರುಗಿದ್ನಂತೆ. ನಮ್ಮ ಮನೆ ಮುಂದೇನೇ ಎರಡು ಸಲ ಹೋದ್ನಂತೆ. ಆಮೇಲೆ ಬಸ್ಸು ಹತ್ತಿ ಹೊಂಟೋದ. ಚಹಾದ ಅಂಗಡಿಯವನು ಹೇಳೋವರೆಗೆ ನನಗೆ ಗೊತ್ತೇ ಆಗಲಿಲ್ಲ."

ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, "ಆವತ್ತಿಂದ ಅವನ ಹೆಸರು ನಾನು ಬಾಯಿಗೆ ತಂದಿಲ್ಲ. ಯಾವ ಮುಖ ಇಟ್ಕೊಂಡು ಕೂಗ್ಲಿ?" ಅಂದ. ಮತ್ತೆ ಕೆಮ್ಮು. ಹಿಟ್ಟಿನ ಧೂಳಿನ ಕೆಮ್ಮು, ಯಾವಾಗಲೂ ಇರುವಂಥದ್ದು ಅಂದುಕೊಂಡೆ. ದನಿ ಒಡೆದಿರುವುದು ಕಿವಿಗೆ ಬಿದ್ದಿತ್ತು. ಕಿವಿಗೆ ಬಿದ್ದದ್ದನ್ನು ಮನಸ್ಸಿಗೆ ತಗೊಳ್ಳಲಿಲ್ಲ. ಇಪ್ಪತ್ತೇಳರ ಕೊಬ್ಬು, ಇನ್ನೇನು ಹೇಳಲಿ?

ಹೊರಡುವ ದಿನ ಬಸ್ ನಿಲ್ದಾಣದವರೆಗೆ ನನ್ನ ಚೀಲ ತಾನೇ ಹೊತ್ತು ಬಂದ. ಪುಸ್ತಕದ ಭಾರಕ್ಕೆ ಒಂದು ಕಡೆ ವಾಲುತ್ತಿದ್ದ. ಬಸ್ಸು ಹೊರಟಾಗ ಕಿಟಕಿಗೆ ಕೈ ಹಾಕಿ, "ಒಂದೂ ತಪ್ಪಲ್ಲ ಕಣವ್ವ. ಪ್ರತಿ ಅಮಾಸೆ ಕೂಗ್ತೀನಿ. ನೀನು ಅಮಾಸೆ ದಿನವೇ ನೋಡ್ಕೊಂಡು ಬಾ," ಅಂದ. ನಾನು ತಲೆಯಾಡಿಸಿದೆ. ಬಸ್ಸು ತಿರುವು ದಾಟುವ ಮೊದಲೇ ಕೆಂಪು ಪುಸ್ತಕ ಬಿಡಿಸಿ ಕೂತಿದ್ದೆ. ಹಿಂತಿರುಗಿ ನೋಡಲಿಲ್ಲ. ಇದೊಂದು ನೆನಪನ್ನು ಯಾರಾದರೂ ಅಳಿಸಿಕೊಡುವುದಾದರೆ ಗಿರಣಿ ಬರೆದುಕೊಟ್ಟೇನು.

ಪರದೇಶದ ಕಥೆ ಹೇಳುತ್ತಾ ಹೋದರೆ ಮುಗಿಯುವುದಿಲ್ಲ, ಅದು ಬೇರೆಯೇ. ಒಂದೆರಡು ಮಾತ್ರ ಹೇಳುತ್ತೇನೆ. ಮೊದಲು ಇಳಿದ ಊರಿನಲ್ಲಿ ಎರಡು ವಾರ ಏನು ಮಾಡಿದೆ ಗೊತ್ತೇ? ದಿನಾ ಬೆಳಿಗ್ಗೆ ಎದ್ದು ಅದೇ ಬೀದಿಗೆ ಹೋಗಿ ಅದು ಅಲ್ಲೇ ಇದೆಯಾ ಅಂತ ನೋಡಿದೆ. ಜನ ಅರಮನೆ, ಮ್ಯೂಸಿಯಂ ಅಂತ ಸುತ್ತುತ್ತಿದ್ದರೆ ನಾನು ನಕ್ಷೆ ಕೈಯಲ್ಲಿ ಹಿಡಿದು ರೊಟ್ಟಿ ಅಂಗಡಿ ಮೂಲೆಯಲ್ಲೇ ಇರುವುದನ್ನು ಕಂಡು ಹಿಗ್ಗುತ್ತಿದ್ದೆ. ಅಮಾವಾಸ್ಯೆ ಬಂದಾಗ ಬೇರೆಯೇ ಫಜೀತಿ. ಆ ದಿನ ಮಧ್ಯಾಹ್ನ ಕೋಣೆ ಬಿಟ್ಟು ಕದಲಲಿಲ್ಲ. ಮೆಟ್ಟಿಲ ಮೇಲೆ ಕೂತು ಬೀದಿಯನ್ನೇ ದುರುಗುಟ್ಟಿಕೊಂಡು ನೋಡಿದೆ. ಮನೆಯೊಡತಿ ನನಗೆ ಜ್ವರ ಬಂದಿದೆ ಅಂತ ಗಂಜಿ ಕಾಯಿಸಿ ತಂದಳು. ಸಂಜೆಯಾಯಿತು, ದೀಪ ಹತ್ತಿದವು, ಬೀದಿ ಇದ್ದಲ್ಲೇ ಇತ್ತು, ಯಾರೂ ಯಾರನ್ನೂ ಕೂಗಲಿಲ್ಲ. ಆಗ ಮೊದಲ ಸಲ ನನಗೆ ಅಪ್ಪನ ನೆನಪಾಗಿ ಗಂಜಿ ಪಕ್ಕಕ್ಕಿಟ್ಟೆ. ಈ ಹೊತ್ತಿಗೆ ಅವನು ಕಟ್ಟೆ ಮೇಲೆ ನಿಂತು ನನ್ನ ಹೆಸರು ಕೂಗುತ್ತಿರುತ್ತಾನೆ ಅಂದುಕೊಂಡೆ. ಆಮೇಲೆ ಪ್ರತಿ ಅಮಾವಾಸ್ಯೆಯೂ ಎಲ್ಲಿದ್ದರೂ ಅಷ್ಟು ಹೊತ್ತು ಸುಮ್ಮನೆ ಕಿವಿಗೊಟ್ಟು ಕೂರುತ್ತಿದ್ದೆ.

ಒಂಬತ್ತನೆಯ ತಿಂಗಳು ಒಂದು ನದಿ ದಾಟುವಾಗ ಮಳೆ ಹೊಡೆದು ಕೆಂಪು ಪುಸ್ತಕ ನೆನೆದು ಮುದ್ದೆಯಾಯಿತು. ಆಚೆ ದಡದಲ್ಲಿ ದೊಡ್ಡ ಮೀನು ಮಾರುಕಟ್ಟೆ. ನಕ್ಷೆ ಇಲ್ಲ, ಭಾಷೆ ಬರುವುದಿಲ್ಲ. ನಮ್ಮೂರ ಬುದ್ಧಿ ಎಲ್ಲಿ ಹೋಗುತ್ತದೆ ಹೇಳಿ? ಒಂದು ಕಂಬದ ಪಕ್ಕ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟೆ, ಯಾರಾದರೂ ಕೂಗಲಿ ಅಂತ. ಒಂದು ತಾಸು ನಿಂತೆ. ಎರಡು ತಾಸು. ಜನ ಮೈಗೆ ಮೈ ತಾಗಿಸಿಕೊಂಡು ಹೋದರೇ ಹೊರತು ನನ್ನ ಕಡೆ ತಿರುಗಿ ನೋಡಿದವರಿಲ್ಲ. ಕೊನೆಗೆ ಅಳು ತಡೆಯಲಾಗದೆ ಕನ್ನಡದಲ್ಲೇ, "ಯಾರಾದ್ರೂ ನನ್ನ ಕರ್ಕೊಂಡ್ ಹೋಗ್ರೋ!" ಅಂತ ಅರಚಿದೆ. ಮಾರುಕಟ್ಟೆ ಅರೆಗಳಿಗೆ ನಿಂತಿತು. ಮೀನು ಕರಿಯುತ್ತಿದ್ದ ಹೆಂಗಸೊಬ್ಬಳು ಬಾಣಲೆ ಇಳಿಸಿ ಬಂದು ನನ್ನ ಕೈ ಹಿಡಿದುಕೊಂಡಳು. ಅವಳಿಗೆ ನನ್ನ ಮಾತು ಒಂದಕ್ಷರ ತಿಳಿದಿರಲಿಲ್ಲ, ಆದರೂ ಬಂದಳು. ಅಲ್ಲಿ ಹಾಗೆ, ಕಳೆದುಹೋದವರೇ ಬಾಯಿ ಬಿಡಬೇಕು. ಇದು ನನ್ನ ಕೆಂಪು ಪುಸ್ತಕದ ಯಾವ ಪುಟದಲ್ಲೂ ಇರಲಿಲ್ಲ. ಅಪ್ಪ ತೋರಿಸಿದ ಬೂದು ಪುಸ್ತಕದ ಕೊನೆಯ ಪುಟದಲ್ಲಿತ್ತು.

ಹದಿನಾಲ್ಕನೆಯ ಅಮಾವಾಸ್ಯೆಗೆ ಊರಿಗೆ ಬಂದಿಳಿದೆ. ಲೆಕ್ಕ ಹಾಕಿ ಅದೇ ದಿನಕ್ಕೆ ಬಂದಿದ್ದೆ. ನಾನು ಅಲ್ಲಿಂದಿಲ್ಲಿಗೆ ತಿರುಗುತ್ತಲೇ ಇದ್ದದ್ದರಿಂದ ಅಪ್ಪನಿಗೆ ಕಾಗದ ಹಾಕುತ್ತಿದ್ದೆನೇ ಹೊರತು ಅವನ ಕಾಗದ ನನ್ನನ್ನು ಮುಟ್ಟಲು ದಾರಿ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಚಹಾ ಕುಡಿದೆ. ಚಹಾ ನಿಜಕ್ಕೂ ಪರವಾಗಿಲ್ಲ ಅನ್ನುವಷ್ಟೇ ಇತ್ತು. ದೀಪ ಹಚ್ಚುವ ಹೊತ್ತಾಯಿತು. ಊರು ಕೂಗಲು ಶುರು ಮಾಡಿತು. ಅಯ್ಯೋ, ಆ ಸದ್ದು! ಏಳರ ಮಗ್ಗಿ ಕೇಳಿಸಿತು, ಏಳೇಳ್ಲಿ ನಲವತ್ತೊಂಬತ್ತು. ಕಾಕಾನ ಪುಸ್ತಕ ಪಟ್ ಪಟ್ ಅಂದಿತು. ಪತ್ತಾರರ "ಇಲ್ಲಿ, ಇಲ್ಲಿ" ಕೇಳಿ ನಗು ಬಂತು. ಎಲ್ಲ ಕೇಳಿಸಿದವು. ನಮ್ಮದು ಕೇಳಿಸಲಿಲ್ಲ.

ತಡವಾಗಿರಬೇಕು, ಗಿರಣಿಯಲ್ಲಿ ಜನ ಇರಬೇಕು ಅಂದುಕೊಂಡು ಊರೊಳಗೆ ನಡೆದೆ. ಒಂದು ಸುತ್ತು ಹಾಕಿದೆ. ಯಾವುದೋ ಗಲ್ಲಿಯ ಒಳಗೆ ಯಾರೋ ಖಾಲಿ ಡಬ್ಬ ಬಡಿಯುತ್ತಿದ್ದರು, ಟಣ ಟಣ ಟಣ, ನಿಲ್ಲಿಸದೆ. ಹೊಸ ಮನೆಯವರ ಕೂಗಿರಬೇಕು, ಎಷ್ಟು ಒರಟಪ್ಪಾ ಅಂತ ಮುಂದೆ ಹೋದೆ. ಇನ್ನೊಂದು ಸುತ್ತು. ಮತ್ತೆ ಅದೇ ಗಲ್ಲಿ, ಅದೇ ಡಬ್ಬ. ಅಷ್ಟರಲ್ಲಿ ಒಬ್ಬೊಬ್ಬರೇ ಮನೆ ಸೇರಿ ಕೂಗುಗಳು ಆರತೊಡಗಿದ್ದವು. ಮಗ್ಗಿ ನಿಂತಿತು. ಕೂಗು ತಪ್ಪಿದೆ. ಅಪ್ಪ ಇದ್ದಾನೋ ಇಲ್ಲವೋ. ಇದ್ದರೂ ನನ್ನ ಕಣ್ಣಿಗೆ ಇನ್ನು ಮನೆ ಬೀಳುವುದಿಲ್ಲ. ಟ್ರಂಕು ಹೊತ್ತ ದೊಡ್ಡಪ್ಪ ಕಣ್ಣ ಮುಂದೆ ಬಂದ. ಅವನೂ ಹೀಗೆಯೇ ಇಲ್ಲೆಲ್ಲೋ ಬಾಯಿ ಮುಚ್ಚಿಕೊಂಡು ನಿಂತಿದ್ದಿರಬೇಕು, ಒಳ್ಳೆಯ ಮಗನ ಹಾಗೆ, ಕಟ್ಟಳೆ ಮೀರದೆ.

ನಾನು ಚೀಲ ಕೆಳಗಿಟ್ಟೆ. ನಡುಬೀದಿಯಲ್ಲಿ ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ. "ಹಿಟ್ಟು ಬಿಸಿ ಐತೆ, ಬಾರಪ್ಪೋ...!"

ಊರು ಗಪ್ಪಾಯಿತು. ಕಿಟಕಿಗಳು ತೆರೆದವು. "ಯಾರದು ಬೀದೀಲಿ ಕೂಗೋದು, ಮಾನ ಮರ್ಯಾದೆ ಇಲ್ಲವಾ?" ಅಂತ ಒಬ್ಬ ಮುದುಕಿ ಬೈದಳು. ಬೈಯಲಿ. ಇನ್ನೊಂದು ಸಲ ಕೂಗಿದೆ, ಮತ್ತೊಂದು ಸಲ. ಗಲ್ಲಿಯೊಳಗಿನ ಡಬ್ಬ ನಿಂತಿತು. ಅದು ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳಿಸಿತು. ಆಮೇಲೆ ಬರಿಗಾಲಲ್ಲಿ ಓಡಿ ಬರುವ ಹೆಜ್ಜೆ ಸದ್ದು. ಹುಬ್ಬಿನ ಮೇಲೆ ಹಿಟ್ಟು, ಕೈಯಲ್ಲಿ ಸವುಟು. ನಮ್ಮಪ್ಪ. ಎಷ್ಟು ಸಣ್ಣಗಾಗಿದ್ದ! ನನ್ನನ್ನು ನೋಡಿ ಬಾಯಿ ತೆರೆದ. ಬರೀ ಗಾಳಿ ಬಂತು. ದನಿ ಇರಲಿಲ್ಲ.

ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು ಗಲ್ಲಿಯೊಳಗೆ ಎಳೆದುಕೊಂಡು ಹೋದ. ಎರಡು ಸಲ ದಾಟಿ ಹೋಗಿದ್ದ ಗಲ್ಲಿ. ಅವನ ಕೈ ಹಿಡಿದ ಮೇಲೆಯೇ ನಮ್ಮ ಕಟ್ಟೆ, ನಮ್ಮ ಬಾಗಿಲು, ಬಾಗಿಲ ಮೇಲಿನ ಗಿರಣಿ ಬೋರ್ಡು ಒಂದೊಂದೇ ಕಾಣಿಸಿದವು. ಒಳಗೆ ಕೂರಿಸಿದ. ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ನನ್ನ ಎರಡೂ ಕೈ ಒಳಗೆ ಇಟ್ಟ. ಬಿಸಿ ಇತ್ತು. ನಾನು ಚಿಕ್ಕ ಹುಡುಗಿಯ ಹಾಗೆ ಗೊಳೋ ಅಂತ ಅತ್ತೆ.

ಅಪ್ಪ ಅಂಗಿ ಜೇಬಿಗೆ ಕೈ ಹಾಕಿ ಒಂದು ಪುಸ್ತಕ ತೆಗೆದ. ಬೂದು ರಟ್ಟು. ಅಂಚೆಲ್ಲ ಹಿಟ್ಟು ಹತ್ತಿ ಮೆತ್ತಗಾಗಿತ್ತು. ಆವತ್ತು ಅಂಗಡಿಯಲ್ಲಿ ಹಿಂದೆ ಉಳಿದಿದ್ದು ಇದನ್ನು ಕೊಳ್ಳಲಿಕ್ಕೆ ಅಂತ ಆಗ ತಿಳಿಯಿತು. ನನ್ನ ಚೀಲಕ್ಕೆ ಹಾಕಬೇಕೆಂದು ತಗೊಂಡವನು, ಎಲ್ಲಿ ಮಗಳು ಮತ್ತೆ ನಕ್ಕಾಳೋ ಅಂತ ತನ್ನಲ್ಲೇ ಇಟ್ಟುಕೊಂಡಿದ್ದ. ಹನ್ನೆರಡನೆಯ ತಿಂಗಳು ಅವನ ದನಿ ಪೂರ್ತಿ ಹೋಯಿತಂತೆ. ಇದನ್ನೆಲ್ಲ ಕಾಕಾ ಆಮೇಲೆ ಹೇಳಿದ್ದು. ಹನ್ನೊಂದರವರೆಗೆ ಒಂದೂ ತಪ್ಪಿಸಿರಲಿಲ್ಲ. ದನಿ ಹೋದ ಮೇಲೆ ಡಬ್ಬ ಹಿಡಿದ. ಅದು ಕೂಗಲ್ಲ, ಅದರಲ್ಲಿ ಹೆಸರು ಇರುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ಆದರೂ ಕೈ ನೋಯುವವರೆಗೆ ಬಡಿದ. ಗಿರಣಿಗೆ ಬಂದವರ ಜೊತೆ ಆ ಪುಸ್ತಕದಲ್ಲೇ ಮಾತಾಡುತ್ತಿದ್ದನಂತೆ. "ಇದರ ಬೆಲೆ ಎಷ್ಟು", "ದಯವಿಟ್ಟು ಸ್ವಲ್ಪ ಕಾಯಿರಿ" ಅಂತ ಬೆರಳಿಟ್ಟು ತೋರಿಸುತ್ತಿದ್ದನಂತೆ. ಊರಿನ ಜನಕ್ಕೂ ಅದು ರೂಢಿಯಾಗಿಬಿಟ್ಟಿತ್ತು.

ಈಗ ನನ್ನ ಮುಂದೆ ಪುಟ ಮಗುಚಿದ. "ತಮ್ಮ ಪ್ರಯಾಣ ಸುಖವಾಗಿತ್ತೇ?" ಅನ್ನುವ ಸಾಲಿನ ಮೇಲೆ ಬೆರಳಿಟ್ಟ. ಜನ್ಮದಲ್ಲಿ ನನ್ನನ್ನು ನೀನು, ನೀಲಿ ಅಂತ ಬಿಟ್ಟರೆ ಬೇರೆ ಅಂದವನಲ್ಲ. ತಮ್ಮ ಅಂತೆ! ಅಳುತ್ತಲೇ ನಕ್ಕೆ. ಸುಖವಾಗಿತ್ತು ಅಂತ ತಲೆಯಾಡಿಸಿದೆ. "ತಾವು ಊಟ ಮಾಡಿದಿರಾ?" ಇಲ್ಲ ಅಪ್ಪ. ಎದ್ದು ರೊಟ್ಟಿ ಹಾಕಿಕೊಟ್ಟ. ನಾನು ತಿನ್ನುವುದನ್ನೇ ನೋಡುತ್ತಾ ಕೂತವನು ಮತ್ತೆ ಪುಸ್ತಕ ತೆಗೆದ. ಹೋಟೆಲ್ಲಿನ ಪುಟ. "ಎಷ್ಟು ದಿನ ತಂಗುತ್ತೀರಿ?" ಅದರ ಕೆಳಗೆ ಉತ್ತರಗಳೂ ಅಚ್ಚಾಗಿದ್ದವು. ಒಂದು ರಾತ್ರಿ. ಒಂದು ವಾರ. ನಾಳೆ ಬೆಳಿಗ್ಗೆ ಹೊರಡುತ್ತೇನೆ. ನಾನು ಹೇಳಬೇಕಾದ್ದು ಅಲ್ಲಿರಲಿಲ್ಲ. "ಎಲ್ಲೂ ಹೋಗಲ್ಲ ಕಣಪ್ಪ. ಇನ್ಮೇಲೆ ಕೂಗೋದು ನನ್ನ ಕೆಲಸ," ಅಂದೆ.

ಅಪ್ಪ ಪುಸ್ತಕ ಮುಚ್ಚಿ ತೊಡೆ ಮೇಲಿಟ್ಟುಕೊಂಡ. ಬೀದಿಯಲ್ಲಿ ಯಾರೋ ಹುಡುಗರು ನನ್ನ ಹಾಗೆಯೇ ತಮ್ಮ ಮನೆಯ ಕೂಗು ಕೂಗಿ ನೋಡುತ್ತಿದ್ದರು, ದೊಡ್ಡವರು ಗದರುತ್ತಿದ್ದರು. ಅವನು ಅದನ್ನು ಕೇಳಿಸಿಕೊಂಡ. ನಾನು ಬೀದಿಯಲ್ಲಿ ನಿಂತು ಕರೆದದ್ದು, ತಾನು ಓಡಿ ಬಂದದ್ದು, ಕೂಗು ತಪ್ಪಿದ್ದರೂ ನನಗೆ ಮನೆ ಸಿಕ್ಕಿದ್ದು, ಅದರ ಹಿಂದೆ ಇನ್ನೇನೋ ಅವನ ಮನಸ್ಸಿನಲ್ಲಿ ಓಡುತ್ತಿರುವುದು ನನಗೆ ಕಾಣುತ್ತಿತ್ತು. ಅವನ ಕಣ್ಣು ತುಂಬಿಕೊಂಡವು. ಮತ್ತೆ ಅದೇ ಹೋಟೆಲ್ಲಿನ ಪುಟ ಹುಡುಕಿ ತೆಗೆದ, ತಳದಲ್ಲಿದ್ದ ಒಂದು ಸಾಲು ತೋರಿಸಿದ. ಆಮೇಲೆ ಬಾಗಿಲ ಕಡೆ ಕೈ ಮಾಡಿದ. ಆ ಪುಸ್ತಕ ಈಗಲೂ ಗಿರಣಿಯ ಡ್ರಾಯರಿನಲ್ಲಿದೆ. ಅವನ ಬೆರಳು ಹತ್ತಿ ಹತ್ತಿ ಆ ಸಾಲು ಅರ್ಧ ಅಳಿಸಿಹೋಗಿದೆ, ಗೊತ್ತಿದ್ದವರಿಗೆ ಮಾತ್ರ ಓದಲಿಕ್ಕೆ ಬರುತ್ತದೆ.

"ನಮ್ಮ ಕಡೆಯವರು ಇನ್ನೊಬ್ಬರು ಬರುವವರಿದ್ದಾರೆ."

ನಾನು ಕೈ ತೊಳೆದುಕೊಂಡು ಕಟ್ಟೆಗೆ ಬಂದೆ. ಅಪ್ಪ ಕೆಳಗೆ ಬಿದ್ದಿದ್ದ ಡಬ್ಬ ಎತ್ತಿಕೊಂಡು ನನ್ನ ಪಕ್ಕ ನಿಂತ. ನಲವತ್ತು ವರ್ಷ ಆ ಮನೆಯಲ್ಲಿ ಯಾರೂ ಆಡದ ಹೆಸರು ನನ್ನ ನಾಲಿಗೆಗೆ ಹೊಸದು. ಒಮ್ಮೆ ಮೆಲ್ಲಗೆ ಹೇಳಿ ನೋಡಿಕೊಂಡು, ಆಮೇಲೆ ಬಸ್ ನಿಲ್ದಾಣದವರೆಗೆ ಕೇಳುವ ಹಾಗೆ ಕೂಗಿದೆ. "ಹಿಟ್ಟು ಬಿಸಿ ಐತೆ, ಬಾರೋ ಗುರುಪಾದಪ್ಪಾ...!"